ಮನೆಯಲ್ಲಿ ಹೊಲಿಯುವ ಮಾಸ್ಕ್‌ನ ಮೂಗಿಗೆ ಯಾವ ತಂತಿ ಒಳ್ಳೆಯದು?

ಮಾಸ್ಕ್ ಹೊಲಿಯುವವರು ಬಟ್ಟೆಯ ಬಗ್ಗೆ ಎಷ್ಟೊಂದು ಯೋಚನೆ ಮಾಡುತ್ತಾರೆ. ಕಾಟನ್ ಇರಲಾ, ಎಷ್ಟು ಪದರ ಇರಲಿ, ಎಲಾಸ್ಟಿಕ್ ಹಾಕೋದಾ ಲಾಡಿ ಹಾಕೋದಾ ಅಂತ. ಮೂಗಿನ ಮೇಲೆ ಕೂರುವ ಸಣ್ಣ ಪಟ್ಟಿಯ ಬಗ್ಗೆ ಕೇಳಿ ನೋಡಿ, ‘ಮನೆಯಲ್ಲಿ ಯಾವುದೋ ತಂತಿ ಇತ್ತು, ಹಾಕಿದೆ’ ಅನ್ನುತ್ತಾರೆ. ಆದರೆ ಮಾಸ್ಕ್ ಕೆಲಸ ಮಾಡುತ್ತೋ ಇಲ್ಲವೋ ಅನ್ನೋದು ಅರ್ಧ ಅಲ್ಲೇ ನಿರ್ಧಾರ ಆಗುತ್ತದೆ. ಮೂಗಿನ ಎರಡೂ ಬದಿಗೆ ಸಂದು ಬಿಟ್ಟರೆ ಗಾಳಿ ಬಟ್ಟೆಯ ಮೂಲಕ ಹೋಗುವುದಿಲ್ಲ. ಸುಲಭದ ದಾರಿ ಸಿಕ್ಕ ಮೇಲೆ ಅದು ಬಟ್ಟೆಯನ್ನು ಯಾಕೆ ದಾಟಬೇಕು? ಸಂದಿನಿಂದಲೇ ಒಳಗೆ ಬರುತ್ತದೆ, ಸಂದಿನಿಂದಲೇ ಹೊರಗೆ ಹೋಗುತ್ತದೆ. ಆಗ ನೀವು ಹಾಕಿದ ಮೂರು ಪದರ ಒಳ್ಳೆ ಕಾಟನ್ ಸುಮ್ನೆ ಮುಖದ ಮೇಲೆ ಕೂತಿರುತ್ತದೆ ಅಷ್ಟೇ.

2020ರ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮನೆಯಲ್ಲೇ ಮಾಸ್ಕ್ ಮಾಡಿಕೊಳ್ಳಿ ಅಂತ ಹೇಳಿದಾಗ ನಮ್ಮ ಬಳ್ಳಾರಿಯಲ್ಲಿ ಹೊಲಿಗೆ ಮಿಷಿನ್ ಇದ್ದ ಮನೆಗಳಲ್ಲೆಲ್ಲ ಮಾಸ್ಕ್ ಹೊಲಿದರು. ಕೊರೋನಾ ಹೋದ ಮೇಲೆ ಬೇರೆ ಊರುಗಳಲ್ಲಿ ಅದನ್ನು ಮರೆತಿರಬಹುದು. ಇಲ್ಲಿ ಹಾಗಾಗುವುದಿಲ್ಲ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಯ ಹಿಂದೆ ಬೈಕ್ ಓಡಿಸಿದವರಿಗೆ ಯಾಕೆ ಅಂತ ಗೊತ್ತು. ಮನೆಗೆ ಬಂದು ಮೂಗು ಒರೆಸಿದರೆ ಕರ್ಚೀಫ್ ಕೆಂಪಗಾಗಿರುತ್ತದೆ. ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರು, ಹತ್ತಿ ಜಿನ್ನಿಂಗ್‌ನಲ್ಲಿ, ರೈಸ್ ಮಿಲ್‌ನಲ್ಲಿ ಕೆಲಸ ಮಾಡುವವರು, ಜೀನ್ಸ್ ಕಟಿಂಗ್ ಮಾಡುವ ಹುಡುಗರು, ಎಲ್ಲರಿಗೂ ಮಾಸ್ಕ್ ಬೇಕೇ ಬೇಕು. ಹಾಗಾಗಿ ಈ ಮೂಗಿನ ಪಟ್ಟಿಗೆ ನಮ್ಮೂರಲ್ಲಿ ಏನೇನು ಸಿಗುತ್ತದೆ, ಯಾವುದು ಯಾರಿಗೆ ಸರಿ ಅಂತ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಬಟ್ಟೆ ಮಾಸ್ಕ್ ರಸ್ತೆ ಧೂಳಿಗೆ, ಮನೆ ಕೆಲಸಕ್ಕೆ, ನೆಗಡಿ ಕೆಮ್ಮು ಇದ್ದಾಗ ಪಕ್ಕದವರಿಗೆ ಹರಡದಂತೆ ನೋಡಿಕೊಳ್ಳೋದಕ್ಕೆ. ಕಲ್ಲು ಕ್ರಷರ್, ಗಣಿ, ಸ್ಪಾಂಜ್ ಐರನ್ ಕಾರ್ಖಾನೆಯಂಥ ಕಡೆ ಕೆಲಸ ಮಾಡುವವರಿಗೆ ಇದು ಸಾಲದು. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಬಟ್ಟೆಯನ್ನೇ ದಾಟಿ ಹೋಗುತ್ತದೆ, ಮೂಗಿಗೆ ಎಂಥ ಪಟ್ಟಿ ಹಾಕಿದರೂ ಅಷ್ಟೇ. ಅವರಿಗೆ ಸಣ್ಣ ಧೂಳನ್ನೂ ಸೋಸುವ, ಭಾರತೀಯ ಮಾನಕ ಐಎಸ್ 9473ರ ಗುರುತಿರುವ ರೆಸ್ಪಿರೇಟರೇ ಬೇಕು. ಅದನ್ನು ಕೊಡಿಸುವುದು ಮಾಲೀಕರ ಕೆಲಸ, ಕೇಳಿ ಪಡೆಯಿರಿ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು, ಬಗ್ಗಿಸಿದರೆ ಬಗ್ಗಿಸಿದ ಹಾಗೇ ಇರಬೇಕು. ತಂತಿಗಳಲ್ಲಿ ಎರಡು ಜಾತಿ. ಕೆಲವು ಮೆತ್ತಗೆ, ಬೆರಳಲ್ಲಿ ಒತ್ತಿದರೆ ಒತ್ತಿದ ಆಕಾರದಲ್ಲೇ ನಿಲ್ಲುತ್ತವೆ. ಕೆಲವು ಸ್ಪ್ರಿಂಗ್ ಗುಣದವು, ಕೈ ಬಿಟ್ಟ ತಕ್ಷಣ ಅರ್ಧ ಬಿಚ್ಚಿಕೊಳ್ಳುತ್ತವೆ. ಸ್ಪ್ರಿಂಗ್ ಗುಣದ ತಂತಿ ಎಷ್ಟು ಗಟ್ಟಿ ಇದ್ದರೂ ನಮಗೆ ಬೇಡ. ಪರೀಕ್ಷೆ ಸುಲಭ. ಹತ್ತು ಸೆಂಟಿಮೀಟರ್ ತುಂಡು ತಗೊಂಡು ಹೆಬ್ಬೆರಳ ಸುತ್ತ ಬಗ್ಗಿಸಿ, ಬಿಡಿ. ಬಿಟ್ಟ ಮೇಲೂ ಹೆಬ್ಬೆರಳನ್ನು ಅಪ್ಪಿಕೊಂಡೇ ಇದ್ದರೆ ಸರಿ. ಅಗಲಕ್ಕೆ ತೆರೆದುಕೊಂಡರೆ ವಾಪಸ್ ಇಡಿ.

ಎರಡನೆಯದು, ಪದೇ ಪದೇ ಬಗ್ಗಿಸಿದರೂ ಮುರಿಯಬಾರದು. ಮಾಸ್ಕ್ ಹಾಕುವಾಗ ಒಮ್ಮೆ ಒತ್ತುತ್ತೀರಿ, ತೆಗೆದು ಒಗೆಯುವಾಗ ನೆಟ್ಟಗಾಗುತ್ತದೆ, ಮತ್ತೆ ಒತ್ತುತ್ತೀರಿ. ಲೋಹ ಒಂದೇ ಜಾಗದಲ್ಲಿ ಬಗ್ಗುತ್ತಾ ಹೋದರೆ ಆ ಜಾಗ ಗಟ್ಟಿಯಾಗುತ್ತಾ ಬರುತ್ತದೆ, ಕೊನೆಗೆ ಪಟ್ಟನೆ ಮುರಿಯುತ್ತದೆ. ಮುರಿದ ತುದಿ ಬಟ್ಟೆ ತೂರಿ ಹೊರಗೆ ಬರುತ್ತದೆ, ಅದೂ ಕಣ್ಣಿನ ಹತ್ತಿರ. ಇದನ್ನು ಹಗುರವಾಗಿ ತಗೋಬೇಡಿ.

ಮೂರನೆಯದು ತುಕ್ಕು. ನಮ್ಮೂರಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮೂಗಿನ ಮೇಲೆ ಬೆವರು ನಿಂತೇ ಇರುತ್ತದೆ, ಒಳಗಿನಿಂದ ಉಸಿರಿನ ತೇವ ಬೇರೆ. ಬೆವರಲ್ಲಿ ಉಪ್ಪಿದೆ, ಅದು ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಸುತ್ತದೆ. ಯಾವ ತಂತಿ ಅಂತ ಗೊತ್ತಿಲ್ಲದಿದ್ದರೆ ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಹಾಕಿ, ಬಿಳಿ ಬಟ್ಟೆ ಚೂರಿನಲ್ಲಿ ತಂತಿ ಸುತ್ತಿ, ರಾತ್ರಿ ಪೂರ್ತಿ ಅದರಲ್ಲಿ ಅದ್ದಿಡಿ. ಬೆಳಿಗ್ಗೆ ತೆಗೆದು ಗಾಳಿಗೆ ಒಣಗಿಸಿ ನೋಡಿ. ಬಟ್ಟೆ ಮೇಲೆ ಕಂದು ಕಲೆಯೋ ಹಸಿರು ಕಲೆಯೋ ಬಿದ್ದಿದ್ದರೆ ಅದೇ ಕಲೆ ನಾಳೆ ಮಾಸ್ಕ್ ಮೇಲೂ ಬೀಳುತ್ತದೆ.

ಇನ್ನು ಆಕಾರ. ಚಪ್ಪಟೆ ಪಟ್ಟಿ ಮತ್ತು ದುಂಡು ತಂತಿಯ ನಡುವೆ ಬಹಳ ವ್ಯತ್ಯಾಸ ಇದೆ. ದುಂಡು ತಂತಿ ಬಟ್ಟೆಯ ಒಳಗೆ ಉರುಳುತ್ತದೆ. ನೀವು ಮೂಗಿನ ಆಕಾರಕ್ಕೆ ಸರಿಯಾಗಿ ಬಗ್ಗಿಸಿರುತ್ತೀರಿ, ಮಾತಾಡುತ್ತಾ ಮಾತಾಡುತ್ತಾ ಅದು ಹೊರಳಿ ಬಾಗು ಮುಂದಕ್ಕೆ ತಿರುಗುತ್ತದೆ, ಮಾಸ್ಕ್ ಮೂಗಿನಿಂದ ಮೇಲೆದ್ದು ನಿಲ್ಲುತ್ತದೆ. ‘ತಂತಿ ಸರಿಯಿಲ್ಲ’ ಅಂತ ಎಸೆಯುವ ಎಷ್ಟೋ ತಂತಿಗಳದ್ದು ಈ ಉರುಳುವ ಸಮಸ್ಯೆ ಮಾತ್ರ. ಚಪ್ಪಟೆ ಪಟ್ಟಿಗೆ ಈ ಕಾಟ ಇಲ್ಲ. ಅದರ ಒತ್ತಡವೂ ಅಗಲಕ್ಕೆ ಹಂಚಿಹೋಗುವುದರಿಂದ ಮೂಗಿನ ಮೂಳೆ ನೋಯುವುದಿಲ್ಲ.

ಮಾಸ್ಕ್‌ಗಾಗಿಯೇ ಬರುವ ಪಟ್ಟಿಗಳು

ಪ್ಲಾಸ್ಟಿಕ್ ಹೊದಿಕೆಯ ನೋಸ್ ವೈರ್ ಎಲ್ಲಕ್ಕಿಂತ ನೆಮ್ಮದಿಯದು. ಆಸ್ಪತ್ರೆಯ ನೀಲಿ ಮಾಸ್ಕ್ ಒಳಗೆ ಇರುವುದು ಇದೇ. ಮೂರರಿಂದ ಐದು ಮಿಲಿಮೀಟರ್ ಅಗಲದ ಬಿಳಿ ಪ್ಲಾಸ್ಟಿಕ್ ಪಟ್ಟಿ, ಒಳಗೆ ಒಂದು ಅಥವಾ ಎರಡು ಸಣ್ಣ ಕಬ್ಬಿಣದ ತಂತಿ. ರೋಲ್ ಲೆಕ್ಕದಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ತಗೊಳ್ಳುವಾಗ ಎರಡು ತಂತಿ ಇರುವುದನ್ನೇ ಕೇಳಿ. ಒಂದೇ ತಂತಿಯದು ಬಳುಕುತ್ತದೆ, ಮೂಗಿನ ಮೇಲೆ ಹಿಡಿತ ಕಡಿಮೆ. ಎರಡು ತಂತಿ ಅಕ್ಕಪಕ್ಕ ಇದ್ದರೆ ಪಟ್ಟಿ ಚಪ್ಪಟೆಯಾಗಿ ಕೂರುತ್ತದೆ, ಉರುಳುವುದಿಲ್ಲ, ತಂತಿ ಚರ್ಮಕ್ಕೂ ತಾಗುವುದಿಲ್ಲ. ಪ್ಲಾಸ್ಟಿಕ್ ಒಳಗೆ ಇರುವ ತನಕ ತುಕ್ಕಿನ ಭಯವೂ ಕಡಿಮೆ. ಕತ್ತರಿಸಿದ ತುದಿಯಲ್ಲಿ ಮಾತ್ರ ಕಬ್ಬಿಣ ಹೊರಗೆ ಕಾಣುತ್ತದೆ, ನೀರು ಅಲ್ಲಿಂದ ಒಳಗೆ ಹೋಗುತ್ತದೆ. ಅದಕ್ಕೆ ತುದಿಯನ್ನು ಮೇಣದಬತ್ತಿ ಉರಿಯ ಪಕ್ಕ ಒಂದು ಕ್ಷಣ ಹಿಡಿದು, ಪ್ಲಾಸ್ಟಿಕ್ ಮೆತ್ತಗಾದ ಕೂಡಲೇ ಇಕ್ಕಳದಲ್ಲಿ ಅದುಮಿ ಮುಚ್ಚಿಬಿಡಿ. ಬೆರಳಲ್ಲಿ ಮುಟ್ಟಬೇಡಿ, ಅಂಟಿಕೊಂಡು ಸುಡುತ್ತದೆ.

ಇದರ ಕೊರತೆ ಒಂದೇ, ಇಸ್ತ್ರಿ. ಕಾಟನ್‌ಗೆ ಇಡುವ ಬಿಸಿಯಲ್ಲಿ ಈ ಪ್ಲಾಸ್ಟಿಕ್ ಕರಗಿ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಮಾಸ್ಕ್‌ಗೆ ಇಸ್ತ್ರಿ ಹಾಕುವ ಅಭ್ಯಾಸ ಇದ್ದರೆ ಪಟ್ಟಿಯನ್ನು ತೆಗೆದೇ ಹಾಕಬೇಕು.

ರೋಲ್ ತರಿಸುವಷ್ಟು ಬೇಡ, ಮನೆಯವರಿಗೆ ನಾಲ್ಕೈದು ಸಾಕು ಅನ್ನುವವರು ನೀವೇ ಬಳಸಿದ ಹಳೆ ನೀಲಿ ಮಾಸ್ಕ್ ಎಸೆಯುವ ಮೊದಲು ಮೇಲಿನ ಅಂಚು ಕತ್ತರಿಸಿ ಪಟ್ಟಿ ತೆಗೆದಿಟ್ಟುಕೊಳ್ಳಿ, ಸೋಪು ನೀರಲ್ಲಿ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ. ಖರ್ಚೇ ಇಲ್ಲ. ನಿಮ್ಮ ಸ್ವಂತ ಮಾಸ್ಕ್‌ನದು ಮಾತ್ರ, ಇನ್ನೊಬ್ಬರು ಬಿಸಾಕಿದ್ದು ಮುಟ್ಟಲೇಬೇಡಿ. ಅಗ್ಗದ ಮಾಸ್ಕ್‌ಗಳಲ್ಲಿ ಪಟ್ಟಿ ಗಿಡ್ಡ ಇರುತ್ತದೆ, ಒಳಗಿನ ತಂತಿ ಕೂದಲೆಳೆಯಷ್ಟು. ಅಂಥದ್ದಾದರೆ ಎರಡನ್ನು ಒಂದರ ಮೇಲೊಂದು ಇಟ್ಟು ಸೆಲ್ಲೋ ಟೇಪ್ ಸುತ್ತಿ.

ಅಲ್ಯೂಮಿನಿಯಂ ಪಟ್ಟಿ ಇದರ ಪಕ್ಕದಲ್ಲೇ ನಿಲ್ಲುತ್ತದೆ. ಎನ್-95 ಮಾಸ್ಕ್‌ಗಳ ಮೇಲೆ ಹೊರಗಡೆ ಅಂಟಿಸಿರುವುದನ್ನು ನೋಡಿರುತ್ತೀರಿ, ಐದು ಮಿಲಿಮೀಟರ್ ಅಗಲ, ಅರ್ಧ ಮಿಲಿಮೀಟರ್‌ನಷ್ಟು ದಪ್ಪ. ಹಿಡಿತದಲ್ಲಿ ಇದನ್ನು ಯಾವುದೂ ಮೀರಿಸುವುದಿಲ್ಲ. ಒತ್ತಿದ ಆಕಾರ ಹಾಗೇ ನಿಲ್ಲುತ್ತದೆ, ತುಕ್ಕು ಹಿಡಿಯುವುದಿಲ್ಲ, ಇಸ್ತ್ರಿಗೂ ಹೆದರುವುದಿಲ್ಲ. ಕನ್ನಡಕ ಹಾಕುವ ಹಿರಿಯರಿಗೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ, ಇದನ್ನೇ ಹೇಳುತ್ತೇನೆ. ಉಸಿರಿನ ಬಿಸಿ ತೇವ ಮೂಗಿನ ಸಂದಿನಿಂದ ಮೇಲೆ ಬಂದು ಕನ್ನಡಕದ ತಣ್ಣನೆ ಗಾಜಿಗೆ ತಾಗಿದರೆ ಮಂಜು ಕಟ್ಟುತ್ತದೆ. ಗಾಜಿಗೆ ಮಂಜು ಬಂತು ಅಂದರೆ ಅಲ್ಲಿ ಸಂದು ಇದೆ ಅಂತಲೇ ಅರ್ಥ. ಮಂಜು ಕಟ್ಟಿದಾಗ ಮಾಸ್ಕ್ ಕೆಳಗೆ ಇಳಿಸಿ ಮೂಗು ಬಿಟ್ಟುಕೊಂಡು ಓಡಾಡುವ ಅಜ್ಜ ಅಜ್ಜಿಯರನ್ನು ಬೈದು ಏನೂ ಪ್ರಯೋಜನ ಇಲ್ಲ. ಅವರಿಗೆ ಕಣ್ಣು ಕಾಣಬೇಕಲ್ವಾ? ಒಳ್ಳೆ ಪಟ್ಟಿ ಹಾಕಿಕೊಟ್ಟರೆ ಅವರೇ ಮೂಗಿನ ಮೇಲೆ ಇಟ್ಟುಕೊಳ್ಳುತ್ತಾರೆ.

ಅಲ್ಯೂಮಿನಿಯಂನ ತೊಂದರೆ ಎರಡು. ಒಂದೇ ಜಾಗದಲ್ಲಿ ತುಂಬಾ ಸಲ ಬಗ್ಗಿಸಿದರೆ ಮುರಿಯುತ್ತದೆ, ಮತ್ತು ಕತ್ತರಿಸಿದ ಮೂಲೆಗಳು ಚೂಪು. ಎರಡಕ್ಕೂ ದಾರಿ ಇದೆ. ಹಾಕಿದ ಮೇಲೆ ಪೂರ್ತಿ ನೆಟ್ಟಗೆ ಮಾಡಬೇಡಿ, ಮೂಗಿನ ಆಕಾರದಲ್ಲೇ ಬಿಟ್ಟು ಸ್ವಲ್ಪ ಸ್ವಲ್ಪ ತಿದ್ದಿಕೊಳ್ಳಿ. ಮೂಲೆಗಳನ್ನು ದುಂಡಗೆ ಕತ್ತರಿಸಿ, ಉಗುರು ಉಜ್ಜುವ ಅರದಲ್ಲಿ ಉಜ್ಜಿ, ಮೇಲೆ ಒಂದು ಸುತ್ತು ಟೇಪ್ ಹಾಕಿ. ಇನ್ನೊಂದು, ಪಟ್ಟಿಯನ್ನು ಬಟ್ಟೆಯ ಹೊರಗೆ ಅಂಟಿಸಬೇಡಿ. ನಮ್ಮ ಬಿಸಿಲಲ್ಲಿ ಹೊರಗಿನ ಲೋಹ ಕಾಯುತ್ತದೆ, ಅಂಟು ಬೆವರಿಗೆ ಬಿಡುತ್ತದೆ.

ಪೂರ್ತಿ ಪ್ಲಾಸ್ಟಿಕ್‌ನ ಪಟ್ಟಿಯೂ ಒಂದು ಬರುತ್ತದೆ, ಒಳಗೆ ತಂತಿಯೇ ಇಲ್ಲ. ತುಕ್ಕಿಲ್ಲ, ಚುಚ್ಚುವುದಿಲ್ಲ. ಆದರೆ ಹಿಡಿತ ಕಡಿಮೆ, ಮೂಗು ಎತ್ತರ ಇರುವವರಿಗೆ ನಿಲ್ಲುವುದಿಲ್ಲ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ. ಅದು ನಿಜವಾಗಿ ಬೇಕಾಗುವುದು ಒಂದು ಸಂದರ್ಭದಲ್ಲಿ. ಎಂಆರ್‌ಐ ಸ್ಕ್ಯಾನ್‌ಗೆ ಹೋಗುವಾಗ ಮಾಸ್ಕ್‌ನಲ್ಲಿ ಲೋಹ ಇರಲೇಬಾರದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಡಿಸೆಂಬರ್‌ನಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಲೋಹದ ಪಟ್ಟಿ ಇರುವ ಮಾಸ್ಕ್ ಹಾಕಿಕೊಂಡೇ ಸ್ಕ್ಯಾನ್ ಮಾಡಿಸಿಕೊಂಡ ಒಬ್ಬರ ಮುಖ ಸುಟ್ಟಿತ್ತು. ಮನೆಯಲ್ಲಿ ಹೊಲಿದ ಮಾಸ್ಕ್ ಒಳಗೆ ಏನಿದೆ ಅಂತ ಸ್ಕ್ಯಾನಿಂಗ್ ಸೆಂಟರ್‌ನವರಿಗೆ ಹೊರಗಿನಿಂದ ಗೊತ್ತಾಗುವುದಿಲ್ಲ, ನೀವೇ ಹೇಳಬೇಕು.

ಊರಲ್ಲೇ ಸಿಗುವ ತಂತಿಗಳು

ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಬಳಸಿಕೊಳ್ಳುತ್ತಿಲ್ಲ. ಬೋರ್‌ವೆಲ್ ಮೋಟರ್ ಸುಟ್ಟು ಹೋಗದ ಹಳ್ಳಿ ನಮ್ಮ ಜಿಲ್ಲೆಯಲ್ಲಿ ಇಲ್ಲ, ಹಾಗಾಗಿ ಸಿರುಗುಪ್ಪ, ಕುರುಗೋಡು, ಕಂಪ್ಲಿ ಎಲ್ಲಿ ಹೋದರೂ ಮೋಟರ್ ವೈಂಡಿಂಗ್ ಅಂಗಡಿ ಸಿಗುತ್ತದೆ. ನೀರು ತುಂಬಿ ಓಡುವ ಸಬ್‌ಮರ್ಸಿಬಲ್ ಮೋಟರ್‌ಗೆ ಸುತ್ತುವ ತಾಮ್ರದ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅದು ನೀರೊಳಗೇ ಇರೋದಕ್ಕೆ ಅಂತ ಮಾಡಿದ ತಂತಿ. ಒಳಗಿರುವುದು ಮೆತ್ತನೆಯ ತಾಮ್ರ, ಒಂದೇ ಎಳೆ, ಬಗ್ಗಿಸಿದ ಹಾಗೆ ನಿಲ್ಲುತ್ತದೆ. ಮಾಸ್ಕ್‌ಗೆ ಬೇಕಾದ ಗುಣ ಎಲ್ಲವೂ ಅದರಲ್ಲಿವೆ. ಸುಮಾರು ಒಂದು ಮಿಲಿಮೀಟರ್ ದಪ್ಪದ್ದು ಸರಿಯಾದ ಅಳತೆ. ಅದಕ್ಕಿಂತ ಸಣ್ಣದಾದರೆ ಎರಡು ಎಳೆ ಅಕ್ಕಪಕ್ಕ ಇಡಿ.

‘ಅಣ್ಣಾ, ಹೊಸ ವೈಂಡಿಂಗ್ ವೈರ್ ತುಂಡು ಉಳಿದಿದ್ರೆ ಒಂದೆರಡು ಗೇಣು ಕೊಡ್ರಿ’ ಅಂದರೆ ಸಾಕು. ಹೊಸ ವೈರ್ ಅನ್ನುವ ಮಾತು ಬಿಡಬೇಡಿ. ಸುಟ್ಟ ಮೋಟರ್‌ನಿಂದ ಬಿಚ್ಚಿದ ತಂತಿಯ ಹೊದಿಕೆ ಕರಗಿ ಸೀಳಿರುತ್ತದೆ, ಕೆಟ್ಟ ವಾಸನೆ ಬೇರೆ, ಅದನ್ನು ಮೂಗಿನ ಹತ್ತಿರ ತರಬಾರದು. ಇನ್ನು ಬೇರೆ ಮೋಟರ್‌ಗಳಿಗೆ ಸುತ್ತುವ, ಕಂದು ಬಣ್ಣ ಹೊಳೆಯುವ ಇನಾಮಲ್ ತಂತಿಯೂ ಅಲ್ಲೇ ಇರುತ್ತದೆ. ಅದರ ಮೇಲಿರುವುದು ತೆಳ್ಳಗಿನ ವಾರ್ನಿಶ್ ಪದರ, ಉಜ್ಜಿದರೆ ಹೋಗುತ್ತದೆ, ಆಮೇಲೆ ಬೆವರಿಗೆ ತಾಮ್ರ ಹಸಿರುಗಟ್ಟುತ್ತದೆ. ಬೇರೇನೂ ಇಲ್ಲದಿದ್ದರೆ ಟೇಪ್ ಸುತ್ತಿ ಬಳಸಬಹುದು. ಫ್ಯಾನ್ ಮೋಟರ್ ತಂತಿ ತೀರಾ ಸಣ್ಣ, ಕೆಲಸಕ್ಕೆ ಬಾರದು.

ದುಂಡು ತಂತಿ ಉರುಳುತ್ತದೆ ಅಂದೆನಲ್ಲ, ಅದಕ್ಕೆ ಮದ್ದು ತುದಿಗಳಲ್ಲಿದೆ. ತಂತಿಯನ್ನು ಬೇಕಾದ ಉದ್ದಕ್ಕಿಂತ ಮೂರು ಸೆಂಟಿಮೀಟರ್ ಜಾಸ್ತಿ ಕತ್ತರಿಸಿ. ಎರಡೂ ತುದಿಯನ್ನು ಒಂದೂವರೆ ಸೆಂಟಿಮೀಟರ್‌ನಷ್ಟು ಹಿಂದಕ್ಕೆ ಮಡಚಿ ಸಣ್ಣ ಕುಣಿಕೆ ಮಾಡಿ. ಎರಡೂ ಕುಣಿಕೆ ಮೇಜಿನ ಮೇಲೆ ಇಟ್ಟರೆ ಮಲಗಿಕೊಳ್ಳಬೇಕು, ಒಂದು ಎದ್ದು ಒಂದು ಮಲಗಿ ಇರಬಾರದು. ಈಗ ತಂತಿ ಬಟ್ಟೆಯೊಳಗೆ ಚಪ್ಪಟೆ ಪಟ್ಟಿಯಂತೆಯೇ ನಿಲ್ಲುತ್ತದೆ, ಹೊರಳುವುದಿಲ್ಲ. ಚೂಪು ತುದಿ ಒಳಗೆ ಸೇರಿಕೊಳ್ಳುವುದರಿಂದ ಚುಚ್ಚುವುದೂ ಇಲ್ಲ. ಮುಂದೆ ಹೇಳುವ ಯಾವ ದುಂಡು ತಂತಿಗಾದರೂ ಇದನ್ನೇ ಮಾಡಿ.

ಇಂಟರ್ನೆಟ್ ಕನೆಕ್ಷನ್ ಕೊಡುವ ಹುಡುಗರು, ಸಿಸಿ ಕ್ಯಾಮೆರಾ ಹಾಕುವವರು ಬಿಟ್ಟು ಹೋಗುವ ಲ್ಯಾನ್ ಕೇಬಲ್ ತುಂಡು ಇನ್ನೊಂದು ಒಳ್ಳೆ ಮೂಲ. ಹೊರಗಿನ ಹೊದಿಕೆ ಸೀಳಿದರೆ ಒಳಗೆ ಬಣ್ಣ ಬಣ್ಣದ ಎಂಟು ತಂತಿ, ಎರಡೆರಡಾಗಿ ಹೆಣೆದುಕೊಂಡಿರುತ್ತವೆ. ಒಂದೊಂದೂ ಅರ್ಧ ಮಿಲಿಮೀಟರ್ ದಪ್ಪ, ಒಂಟಿಯಾಗಿ ಸಾಲದು. ಹೆಣೆದ ಒಂದು ಜೋಡಿಯನ್ನು ಮಡಚಿ ನಾಲ್ಕೆಳೆ ಮಾಡಿ ಹಾಕಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುತ್ತದೆ. ಉಗುರಿನಿಂದ ಅಲ್ಲ, ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ಬೇಗ ಮುರಿಯುವ ಜಾತಿ.

ಮನೆ ವೈರಿಂಗ್‌ನ ಈಗಿನ ತಂತಿ ಬೇಡ. ಅದರಲ್ಲಿ ಹತ್ತಾರು ಸಣ್ಣ ಎಳೆಗಳು, ಬಾಗುತ್ತದೆ ಆದರೆ ಆಕಾರ ಹಿಡಿಯುವುದಿಲ್ಲ. ಹಳೇ ಮನೆಗಳಲ್ಲಿದ್ದ ಒಂಟಿ ಎಳೆಯ ಅಲ್ಯೂಮಿನಿಯಂ ವೈರ್ ಸಿಕ್ಕರೆ ಹಿಡಿತ ಚೆನ್ನಾಗಿರುತ್ತದೆ, ಹೊದಿಕೆ ದಪ್ಪ ಇರುವುದರಿಂದ ಮೂಗಿನ ಮೇಲೆ ಉಬ್ಬಿ ಕಾಣುತ್ತದೆ. ಧೂಳಿನ ಕೆಲಸಕ್ಕೆ ಹಾಕಿಕೊಳ್ಳುವ ಮಾಸ್ಕ್ ಆದರೆ ನಡೆಯುತ್ತದೆ.

ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಪ್ರಾಜೆಕ್ಟ್‌ಗೆ ಅಂತ ಮಾರುವ, ಉಣ್ಣೆಯಂಥ ಕೂದಲಿರುವ ಪೈಪ್ ಕ್ಲೀನರ್ ಕಡ್ಡಿ ನೋಡಿರಬಹುದು. ಒಂದು ಕಡ್ಡಿ ಸಾಮಾನ್ಯವಾಗಿ 30 ಸೆಂಟಿಮೀಟರ್, ಮೂರು ಮಡಿಕೆ ಮಾಡಿದರೆ ಸರಿಯಾಗಿ ಹತ್ತು. ಮಡಚುವಾಗ ಎರಡು ತುದಿಯೂ ಒಳಗೆ ಬರುವ ಹಾಗೆ ನೋಡಿಕೊಳ್ಳಿ. ಮೆತ್ತಗಿರುತ್ತದೆ, ಬಟ್ಟೆಯೊಳಗೆ ಜಾರುವುದಿಲ್ಲ, ಮಕ್ಕಳ ಮೂಗಿಗೆ ಹಿತ. ಆದರೆ ಒಳಗಿನ ತಂತಿ ಕಬ್ಬಿಣದ್ದು, ಕೂದಲು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಒಗೆಯುವ ಮುನ್ನ ತೆಗೆಯಲೇಬೇಕು.

ಫೋನ್ ಚಾರ್ಜರ್ ಕೇಬಲ್‌ಗೆ ಸುತ್ತಿ ಬರುವ ಕಪ್ಪು ಟೈ ಎಲ್ಲರ ಮನೆಯ ಡ್ರಾಯರ್‌ನಲ್ಲೂ ಬಿದ್ದಿರುತ್ತದೆ. ಒಂದೇ ಒಂದು ಹಾಕಿದರೆ ಏನೂ ಪ್ರಯೋಜನ ಇಲ್ಲ. ಮೂರನ್ನು ಸೇರಿಸಿ ಟೇಪ್ ಸುತ್ತಿದರೆ ತಾತ್ಕಾಲಿಕಕ್ಕೆ ಆಗುತ್ತದೆ. ಕಾಗದದ ಹೊದಿಕೆಯದು ಮೊದಲ ಒಗೆತಕ್ಕೇ ಹೋಗುತ್ತದೆ, ಪ್ಲಾಸ್ಟಿಕ್‌ನದೇ ಇರಲಿ.

ಹೋಟೆಲ್ ಪಾರ್ಸೆಲ್‌ನ ಅಲ್ಯೂಮಿನಿಯಂ ಡಬ್ಬಿ ಕತ್ತರಿಸಿ ಪಟ್ಟಿ ಮಾಡುವವರೂ ಇದ್ದಾರೆ. ಎರಡು ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ, ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ, ಚಮಚದ ಹಿಂಭಾಗದಲ್ಲಿ ಉಜ್ಜಿ ಚಪ್ಪಟೆ ಮಾಡಿದರೆ ಅರ್ಧ ಸೆಂಟಿಮೀಟರ್ ಅಗಲದ ಪಟ್ಟಿ ಆಗುತ್ತದೆ. ಹಾಕಿದ ದಿನ ಬಹಳ ಚೆನ್ನಾಗಿ ಕೂರುತ್ತದೆ. ಕೆಲವು ಒಗೆತ ಆದ ಮೇಲೆ ಮಡಿಕೆಯಲ್ಲಿ ಸೀಳುತ್ತದೆ. ಮದುವೆ, ಜಾತ್ರೆ, ಬಸ್ ಪ್ರಯಾಣಕ್ಕೆ ಅಂತ ಒಂದು ದಿನದ ಮಟ್ಟಿಗೆ ಮಾಡಿಕೊಳ್ಳಿ. ಕೂಲ್‌ಡ್ರಿಂಕ್ಸ್ ಕ್ಯಾನ್ ಮಾತ್ರ ಕತ್ತರಿಸಬೇಡಿ. ಅದೂ ಅಲ್ಯೂಮಿನಿಯಂ ಆದರೂ ಸ್ಪ್ರಿಂಗ್ ಗುಣದ್ದು, ಅಂಚು ಬ್ಲೇಡಿನ ಹಾಗೆ.

ಇವು ಬೇಡವೇ ಬೇಡ

ಪೇಪರ್ ಕ್ಲಿಪ್ ಬಿಡಿಸಿ ಹಾಕುವುದು ತುಂಬಾ ಕಡೆ ಕಾಣುತ್ತದೆ. ಇಕ್ಕಳ ಇಲ್ಲದೆ ಬಗ್ಗುವುದಿಲ್ಲ, ಬೆರಳಲ್ಲಿ ಒತ್ತಿ ಮೂಗಿಗೆ ಕೂರಿಸಲು ಆಗುವುದೇ ಇಲ್ಲ. ಮೇಲಿನ ಲೇಪ ಸವೆದ ಮೇಲೆ ತುಕ್ಕು. ಇಂಥ ಲೇಪದಲ್ಲಿ ಇರಬಹುದಾದ ನಿಕಲ್ ಲೋಹ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಅಗ್ಗದ ಓಲೆ ಹಾಕಿದರೆ ಕಿವಿ ತುರಿಸುವವರು ನಿಮ್ಮ ಮನೆಯಲ್ಲಿದ್ದರೆ ಅವರಿಗೆ ಲೇಪ ಹಾಕಿದ ಇಂಥ ಯಾವ ಲೋಹವನ್ನೂ ಹಾಕಬೇಡಿ. ಹೇರ್‌ಪಿನ್ನು, ಪಿನ್ನು, ಸ್ಟೇಪ್ಲರ್ ಪಿನ್ನು, ಇವುಗಳ ಬಗ್ಗೆ ಬರೆಯುವುದೇ ಬೇಡ.

ಕಂಬಿ ಕಟ್ಟುವ ಬೈಂಡಿಂಗ್ ವೈರ್ ಮನೆ ಕಟ್ಟುವ ಜಾಗದಲ್ಲೆಲ್ಲ ಬಿದ್ದಿರುತ್ತದೆ. ಅದು ನಿಜಕ್ಕೂ ಮೆತ್ತಗೆ, 20 ಗೇಜಿನದು ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಕಡಿಮೆ ದಪ್ಪ, ಆಕಾರವೂ ನಿಲ್ಲುತ್ತದೆ. ಆದರೆ ಯಾವ ಲೇಪವೂ ಇಲ್ಲದ ಕಬ್ಬಿಣ. ಮುಟ್ಟಿದರೆ ಕೈ ಕಪ್ಪಾಗುತ್ತದೆ, ಬೆವರು ತಾಗಿದರೆ ತುಕ್ಕು ಶುರು. ಸತುವಿನ ಲೇಪ ಇರುವ ಜಿಐ ತಂತಿಗೆ ತುಕ್ಕು ತಡವಾಗಿ ಬರುತ್ತದೆ, ಆದರೆ ಅದು ಗಡುಸು, ಮೂಗಿಗೆ ಕೂರುವ ಬದಲು ಮೂಗನ್ನೇ ಒತ್ತುತ್ತದೆ. ಪ್ಲಾಸ್ಟಿಕ್ ಕೇಬಲ್ ಟೈ ಬಾಗುತ್ತದೆ, ನಿಲ್ಲುವುದಿಲ್ಲ.

ಅಳತೆ, ಹೊಲಿಗೆ

ಎಂಥ ಒಳ್ಳೆ ಪಟ್ಟಿ ತಂದರೂ ಗಿಡ್ಡ ಕತ್ತರಿಸಿದರೆ ಕೆಟ್ಟಿತು. ಮೂಗಿನ ಮೂಳೆಯ ಮೇಲೆ ಹಿಡಿದರೆ ಸಾಲದು, ಸಂದು ಬೀಳುವುದು ಮೂಗು ಮತ್ತು ಕೆನ್ನೆ ಸೇರುವ ತಗ್ಗಿನಲ್ಲಿ. ಪಟ್ಟಿ ಆ ತಗ್ಗನ್ನು ದಾಟಿ ಕೆನ್ನೆಯ ಮೂಳೆಯ ಮೇಲೆ ಸ್ವಲ್ಪ ಹತ್ತಬೇಕು. ದೊಡ್ಡವರಿಗೆ ಹತ್ತು ಸೆಂಟಿಮೀಟರ್, ಅಗಲ ಮೂಗಿನವರಿಗೆ ಹನ್ನೊಂದು, ಶಾಲೆಗೆ ಹೋಗುವ ಮಕ್ಕಳಿಗೆ ಏಳರಿಂದ ಎಂಟು. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಮಾಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟ್‌ನಲ್ಲೇ ಹೇಳಿವೆ. ಆ ವಯಸ್ಸಿನವರು ಏನು ಸಿಕ್ಕರೂ ಬಾಯಿಗೆ ಹಾಕುತ್ತಾರೆ, ಅವರ ಕೈಗೆ ತಂತಿ ಇರುವ ಮಾಸ್ಕ್ ಕೊಡಲೇಬಾರದು.

ಹೊಲಿಗೆಯಲ್ಲಿ ನನ್ನ ಒಂದೇ ಹಠ, ಮೂಗಿನ ತಂತಿಯನ್ನು ತೆಗೆದು ಮತ್ತೆ ಹಾಕುವ ಹಾಗಿರಬೇಕು. ಲಂಗಕ್ಕೆ ಲಾಡಿ ತೂರಿಸುವ ಪಟ್ಟಿ ಇರುತ್ತದಲ್ಲ, ಹಾಗೆ ಮಾಸ್ಕ್‌ನ ಮೇಲಿನ ಅಂಚಿಗೆ ಒಂದು ಸೆಂಟಿಮೀಟರ್ ಅಗಲದ ಬಟ್ಟೆ ಪಟ್ಟಿ ಹೊಲಿದು ಒಂದು ಕಡೆ ಬಾಯಿ ತೆರೆದು ಬಿಡಿ. ಒಗೆಯುವಾಗ ತಂತಿ ತೆಗೆಯಬಹುದು, ಇಸ್ತ್ರಿ ಮಾಡಬಹುದು, ಬಿಸಿ ನೀರಲ್ಲಿ ಕುದಿಸಬಹುದು, ಮುರಿದರೆ ಬೇರೆ ಹಾಕಬಹುದು, ಸ್ಕ್ಯಾನಿಂಗ್‌ಗೆ ಹೋದಾಗ ತೆಗೆದಿಡಬಹುದು. ಒಂದು ತಂತಿ ನಾಲ್ಕು ಮಾಸ್ಕ್‌ಗೆ ಆಗುತ್ತದೆ. ಒಳಗೆ ಸೇರಿಸಿ ಹೊಲಿದುಬಿಟ್ಟರೆ ಇದ್ಯಾವುದೂ ಆಗುವುದಿಲ್ಲ. ಹೊಲಿಯುವಾಗ ತಂತಿ ಒಳಗೆ ಇರಲೇಬಾರದು. ಜೂಕಿ ಮಿಷಿನ್ ಓಡುವ ವೇಗಕ್ಕೆ ಸೂಜಿ ತಂತಿಗೆ ತಗುಲಿದರೆ ಮುರಿದು ಚೂರು ಮುಖಕ್ಕೆ ಹಾರುತ್ತದೆ.

ತಂತಿ ತೂರಿಸುವ ಈ ಪಟ್ಟಿಗೆ ನಮ್ಮೂರಲ್ಲಿ ಒಂದು ಒಳ್ಳೆ ಬಟ್ಟೆ ಸಿಗುತ್ತದೆ. ಜೀನ್ಸ್ ಪ್ಯಾಂಟಿನ ಜೇಬಿಗೆ ಒಳಗೆ ಹಾಕುವ ಬಿಳಿ ಬಟ್ಟೆಯ ಕಟಿಂಗ್ ಚೂರು. ನೇಯ್ಗೆ ಬಿಗಿ, ತಂತಿಯ ತುದಿ ಸುಲಭಕ್ಕೆ ತೂರುವುದಿಲ್ಲ. ಜೀನ್ಸ್ ಹೊಲಿಯುವವರು ಪರಿಚಯ ಇದ್ದರೆ ಒಂದು ಹಿಡಿ ಕೇಳಿ ತಗೊಳ್ಳಿ. ಜೀನ್ಸ್ ಬಟ್ಟೆಯಲ್ಲೇ ಮಾಸ್ಕ್ ಹೊಲಿಯುವುದು ಬೇಡ, ಉಸಿರಾಡಲು ಕಷ್ಟ, ಉಸಿರು ಎಳೆಯಲು ಬಟ್ಟೆ ಅಡ್ಡ ಬಂದಷ್ಟೂ ಸಂದುಗಳಿಂದ ಗಾಳಿ ನುಗ್ಗುವುದು ಜಾಸ್ತಿ.

ಮೂಗುತಿ ಹಾಕುವವರಿಗೆ ಒಂದು ಮಾತು. ಪಟ್ಟಿಯನ್ನು ಅಂಚಿಗೆ ಅಂಟಿದಂತೆ ಆದಷ್ಟು ಮೇಲೆ ಇಡಿ. ಕೆಳಗೆ ಬಂದರೆ ಒತ್ತಡ ಮೂಗುತಿಯ ಮೇಲೆ ಬಿದ್ದು ಗಾಯ ಆಗುತ್ತದೆ. ಒಳಪದರಕ್ಕೆ ಹಳೆ ಸೀರೆಯ ನುಣುಪು ಕಾಟನ್ ಹಾಕಿದರೆ ಮೂಗುತಿಗೆ ದಾರ ಸಿಕ್ಕಿಕೊಳ್ಳುವುದಿಲ್ಲ. ಮೂಗಿನ ಮೂಳೆ ನೋಯುತ್ತದೆ ಅನ್ನುವವರಿಗೆ ಪಟ್ಟಿಯ ಒಳಭಾಗಕ್ಕೆ ಹಳೆ ಬನಿಯನ್ ಬಟ್ಟೆ ಎರಡು ಮಡಿಕೆ ಇಟ್ಟು ಹೊಲಿಯಿರಿ. ಸ್ಪಾಂಜ್ ಬೇಡ, ಬೆವರು ಕುಡಿದು ವಾಸನೆ ಬರುತ್ತದೆ.

ಲೋಹ ಬೇಡವೇ ಬೇಡ ಅನ್ನುವವರು ಮೆಡಿಕಲ್ ಸ್ಟೋರ್‌ನ ಪೇಪರ್ ಟೇಪ್ ಅನ್ನು ಮಾಸ್ಕ್‌ನ ಮೇಲಂಚಿಗೆ ಅರ್ಧ, ಚರ್ಮಕ್ಕೆ ಅರ್ಧ ಬರುವ ಹಾಗೆ ಅಂಟಿಸಬಹುದು. ಸಂದು ಪೂರ್ತಿ ಮುಚ್ಚುತ್ತದೆ. ಎಸಿ ಇರುವ ಆಫೀಸಿನಲ್ಲಿ ನಿಲ್ಲುತ್ತದೆ, ಬಿಸಿಲಲ್ಲಿ ಬೆವರು ಬಂದ ಕೂಡಲೇ ಕಿತ್ತು ಬರುತ್ತದೆ.

ಯಾರಿಗೆ ಯಾವುದು

ಕನ್ನಡಕದವರಿಗೆ ಅಲ್ಯೂಮಿನಿಯಂ ಪಟ್ಟಿ, ಹನ್ನೊಂದು ಸೆಂಟಿಮೀಟರ್. ದಿನಾ ಒಗೆದು ಹಾಕುವ ಮನೆಮಂದಿ ಮಾಸ್ಕ್‌ಗೆ ಎರಡು ತಂತಿಯ ನೋಸ್ ವೈರ್. ಬೈಕ್‌ನಲ್ಲಿ ಓಡಾಡುವವರಿಗೆ, ಹೊಲದಲ್ಲಿ, ಮಿಲ್‌ನಲ್ಲಿ ಕೆಲಸ ಮಾಡುವವರಿಗೆ, ದಿನಕ್ಕೆ ಹತ್ತಾರು ಸಲ ಮಾಸ್ಕ್ ಇಳಿಸಿ ಏರಿಸುವವರಿಗೆ ವೈಂಡಿಂಗ್ ವೈರ್, ಯಾಕೆಂದರೆ ತಾಮ್ರ ಅಷ್ಟು ಬೇಗ ಮುರಿಯುವುದಿಲ್ಲ. ಮೆಣಸಿನಕಾಯಿ ಕೆಲಸದವರಿಗೆ ಎರಡು ಮಾಸ್ಕ್ ಇರಲಿ, ತಂತಿ ಒಂದೇ ಸಾಕು, ಕಾರದ ಪುಡಿ ಹತ್ತಿದ ಮಾಸ್ಕನ್ನು ಮಧ್ಯಾಹ್ನ ಬದಲಿಸುವಾಗ ತಂತಿ ತೊಳೆದು ಇನ್ನೊಂದಕ್ಕೆ ಹಾಕಿಕೊಳ್ಳಬಹುದು. ಮಕ್ಕಳಿಗೆ ಪೈಪ್ ಕ್ಲೀನರ್, ಇಲ್ಲವೇ ನೋಸ್ ವೈರ್. ಉಳಿದದ್ದೆಲ್ಲ ಇವತ್ತಿಗೆ ಬೇಕು, ಅಂಗಡಿ ಮುಚ್ಚಿದೆ ಅನ್ನುವಾಗ.

ಹಾಕಿಕೊಳ್ಳುವಾಗ ಒಂದೇ ಕೈಯ ಎರಡು ಬೆರಳಲ್ಲಿ ಮೂಗನ್ನು ಹಿಂಡಬೇಡಿ. ಹಾಗೆ ಮಾಡಿದರೆ ಮಧ್ಯದಲ್ಲಿ ಚೂಪಾಗಿ ಎದ್ದು ಎರಡೂ ಬದಿ ಸಂದು ಬೀಳುತ್ತದೆ. ಎರಡೂ ಕೈಯ ಬೆರಳನ್ನು ಮೂಗಿನ ಮಧ್ಯಕ್ಕೆ ಇಟ್ಟು, ಒತ್ತುತ್ತಾ ಒತ್ತುತ್ತಾ ಕೆನ್ನೆಯ ಕಡೆ ಸರಿಸಿ. ಆಮೇಲೆ ಜೋರಾಗಿ ಉಸಿರು ಬಿಡಿ. ರೆಪ್ಪೆಗೆ ಬಿಸಿ ಗಾಳಿ ತಾಗಿದರೆ ಎಲ್ಲಿ ತಾಗಿತೋ ಅಲ್ಲಿ ಮತ್ತೆ ಒತ್ತಿ. ಮೇಲೆ ಪೂರ್ತಿ ಮುಚ್ಚಿದರೂ ಗಲ್ಲದ ಕೆಳಗಿನಿಂದ ಗಾಳಿ ಹೋಗುತ್ತಿದ್ದರೆ ಅದು ತಂತಿಯ ತಪ್ಪಲ್ಲ, ಮಾಸ್ಕ್ ಚಿಕ್ಕದಾಗಿದೆ ಅಥವಾ ಎಲಾಸ್ಟಿಕ್ ಸಡಿಲ ಆಗಿದೆ. ಕಿವಿಗೆ ಹಾಕುವ ಎಲಾಸ್ಟಿಕ್ ಬದಲು ತಲೆಯ ಹಿಂದೆ ಕಟ್ಟುವ ಲಾಡಿ ಹಾಕಿ ನೋಡಿ, ಮಾಸ್ಕ್ ಎರಡೂ ಕಡೆಯಿಂದ ಸಮನಾಗಿ ಹಿಂದಕ್ಕೆ ಎಳೆದುಕೊಂಡು ಮೂಗಿನ ಪಟ್ಟಿಯೂ ಇನ್ನಷ್ಟು ಬಿಗಿಯಾಗಿ ಕೂರುತ್ತದೆ.